ಸಹಾಯ ಬೇಕು: ಕೇಬಲ್‌ನಿಂದ ಸಮುದ್ರದ ಹರಿವು ಅಳೆಯುವುದು

ನಮಸ್ಕಾರ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಗಲ್ಫ್ ಸ್ಟ್ರೀಮ್‌ನ ಶುರುವಿನ ಭಾಗವಾದ ಫ್ಲಾರಿಡಾ ಪ್ರವಾಹದ ಬಗ್ಗೆ ಪಿಯುಸಿ ಮಕ್ಕಳಿಗೆ ಹೇಳಬೇಕಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಫ್ಲಾರಿಡಾ-ಬಹಾಮಾಸ್ ನಡುವೆ ಸಮುದ್ರದಡಿಯ ಟೆಲಿಫೋನ್ ಕೇಬಲ್‌ನ ವೋಲ್ಟೇಜ್ ನೋಡಿ 1982ರಿಂದ 40 ವರ್ಷ ಹರಿವು ಅಳೆದಿದ್ದಾರೆ. ಉಪ್ಪುನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿದರೆ ವೋಲ್ಟೇಜ್ ಹುಟ್ಟುತ್ತದೆ, ಅಷ್ಟು ಗೊತ್ತು. ಸೆಕೆಂಡಿಗೆ ಸುಮಾರು 3.2 ಕೋಟಿ ಘನ ಮೀಟರ್ ನೀರು, ಸುಮ್ನೆ ಅಲ್ಲ!

ಆದರೆ ಕಾಂತಕ್ಷೇತ್ರವೇ ನಿಧಾನವಾಗಿ ಬದಲಾಗುತ್ತಿದೆ. ಅದರ ಪರಿಣಾಮವನ್ನು ಸರಿಪಡಿಸಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹರಿವಿನಲ್ಲಿ ಮೊದಲು ಕಂಡಿದ್ದ ಇಳಿಕೆ ಹೆಚ್ಚುಕಡಿಮೆ ಮಾಯ. ಈ ತಿದ್ದುಪಡಿಯನ್ನು ಜಾಸ್ತಿ ಗಣಿತ ಇಲ್ಲದೆ ಹೇಗೆ ವಿವರಿಸಲಿ? ವೋಲ್ಟೇಜ್‌ನಲ್ಲಿ ಉಬ್ಬರವಿಳಿತದ ಪಾಲನ್ನು ಹೇಗೆ ಬೇರ್ಪಡಿಸುತ್ತಾರೆ? ಸಾಗರ ವಿಜ್ಞಾನ ಓದಿದವರು ಇದ್ದರೆ ದಯವಿಟ್ಟು ತಿಳಿಸಿ. ಪಾಠ ಸೋಮವಾರವೇ ಇದೆ.