ತರೋಕಲ್ಲ, ಬಿಸಾಕೋಕೆ

ಶನಿವಾರ ರಾತ್ರಿ ಎಂಟಕ್ಕೆ ಶೀನನ ಮನೆಯಲ್ಲಿ ಕೂರೋದು ಅಂತ ಮಾತಾಗಿತ್ತು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾ, ಮೂರೂ ಭಾಗ, ಅದೂ ಉದ್ದನೆಯ ಆವೃತ್ತಿ. ಒಟ್ಟು 11 ಗಂಟೆಗೂ ಮೇಲೆ. ಯಕ್ಷಗಾನದ ಹಾಗೆ ಬೆಳಗಿನ ತನಕ ನೋಡಬೇಕು ಅಂತ ಶೀನನ ಹಟ. ಯಕ್ಷಗಾನದಲ್ಲಾದರೆ ಮಧ್ಯೆ ಎದ್ದುಹೋಗಿ ಚುರುಮುರಿ ತಿಂದು ಬರಬಹುದು. ಇಲ್ಲಿ ಬಾತ್‌ರೂಮಿಗೆ ಎದ್ದರೂ “ತಾಳು, ನಿಲ್ಸಿರ್ತೀನಿ” ಅಂತ ರಿಮೋಟ್ ಹಿಡಿದು ಕಾಯುತ್ತಾನೆ. ಆ ಒತ್ತಡದಲ್ಲಿ ಹೋದ ಕೆಲಸವೂ ಆಗುವುದಿಲ್ಲ.

ಶೀನನ ಅಮ್ಮ ಹೂ ಕಟ್ಟುತ್ತಾ ಸ್ವಲ್ಪ ಹೊತ್ತು ನೋಡಿದರು. “ಲೋ ಶೀನ, ಆ ಹುಡುಗ ಯಾಕೋ ಬರಿಗಾಲಲ್ಲಿ ಹೊರಟಿದ್ದಾನೆ?”

“ಅವರು ಹಾಬಿಟ್‌ಗಳು ಕಣಮ್ಮ, ಕಥೆಯಲ್ಲಿ ಬರೋ ಕುಳ್ಳ ಜನ, ಚಪ್ಪಲಿ ಹಾಕಲ್ಲ. ಅದು ನಿಜವಾದ ಕಾಲಲ್ಲ, ರಬ್ಬರ್ ಪಾದ. ಬೆಳಿಗ್ಗೆ ಅಂಟಿಸೋದು, ಸಂಜೆ ಕಿತ್ತು ಎಸೆಯೋದು. ಸಾವಿರಕ್ಕೂ ಮೇಲೆ ಜೊತೆ ಮಾಡಿಸಿದ್ರು.”

“ಸಾವಿರ ಜೊತೆ ಕಾಲು ಮಾಡಿಸೋರಿಗೆ ಒಂದು ಜೊತೆ ಚಪ್ಪಲಿ ಭಾರವಾಯ್ತಾ?” ಅಂದವರೇ ಮಲಗಲು ಹೋದರು.

ಪ್ರಭಾಕರ ಆಡಿಟರ್ ಆಫೀಸಿನವನು. ಖರ್ಚಿಗೆ ಕಾರಣ ಸಿಗುವ ತನಕ ಅವನಿಗೆ ಸಮಾಧಾನವಿಲ್ಲ. “ಸರಿ, ಇವರು ಏನು ತರೋಕೆ ಹೋಗ್ತಿದ್ದಾರೆ?”

“ತರೋಕಲ್ಲ, ಬಿಸಾಕೋಕೆ. ಅವರ ಹತ್ರ ಕೆಟ್ಟ ಶಕ್ತಿಯ ಒಂದು ಉಂಗುರ ಇದೆ, ಅದನ್ನ ಅದು ತಯಾರಾದ ಬೆಂಕಿಬೆಟ್ಟದಲ್ಲೇ ಹಾಕ್ಬೇಕು.”

“ಬಿಸಾಕೋಕೆ 11 ಗಂಟೆಯಾ? ನಮ್ಮಲ್ಲಿ ಎಲ್ಲರೂ ತರೋಕೆ ಹೋಗೋದು ಮಾರಾಯ. ಹನುಮಂತ ಸಂಜೀವಿನಿ ತರೋಕೆ ಹೋದ. ಭೀಮ ಸೌಗಂಧಿಕಾ ಪುಷ್ಪ ತರೋಕೆ ಹೋದ.”

ಶೀನನ ಹೆಂಡತಿ ಪದ್ಮ ಅಡುಗೆಮನೆಯಿಂದಲೇ ಸೇರಿಕೊಂಡಳು. “ಒಂದು ಹೂವು ತನ್ನಿ ಅಂತ ಕಳಿಸಿದ್ರೆ ಕಾಡೆಲ್ಲ ಹಾಳುಮಾಡಿ, ದಾರೀಲಿ ಯಾರದೋ ಬಾಲ ಎತ್ತೋಕೆ ಹೋಗಿ, ಕೊಳದ ಕಾವಲಿನವರ ಹತ್ರ ಹೊಡೆದಾಡಿ ಬಂದ. ಇನ್ನೊಬ್ರು ಬೇರು ಗೊತ್ತಾಗ್ಲಿಲ್ಲ ಅಂತ ಗುಡ್ಡನೇ ತಂದ್ರು. ನಮ್ಮನೇಲೂ ಸಬ್ಬಸಿಗೆ ತರೋಕೆ ಹೋದವರು ಮೂರು ಥರದ ಸೊಪ್ಪು ಹಿಡ್ಕೊಂಡು ಬಂದು, ‘ಇದ್ರಲ್ಲಿ ಯಾವುದೋ ಒಂದು ಅದೇ ಇರ್ಬೇಕು ನೋಡು’ ಅಂತಾರೆ.”

ಶೀನ ವಾಲ್ಯೂಮ್ ಏರಿಸಿದ.

ಅಷ್ಟರಲ್ಲಿ ಗೋಪುರದ ಮೇಲೆ ಸಿಕ್ಕಿಬಿದ್ದ ಮುದುಕ ಗ್ಯಾಂಡಾಲ್ಫ್ ದೊಡ್ಡ ಹದ್ದಿನ ಬೆನ್ನೇರಿ ಪಾರಾದ. ಪ್ರಭಾಕರ ಸೋಫಾದಿಂದ ಎದ್ದೇಬಿಟ್ಟ. “ಹದ್ದು ಇದೆ! ಮತ್ತೆ ಯಾಕೋ ನಡೀತಾರೆ? ಉಂಗುರಾನ ಹದ್ದಿನ ಕಾಲಿಗೆ ಕಟ್ಟಿ ಕಳಿಸ್ರೋ, ಊಟದ ಹೊತ್ತಿಗೆ ಕೆಲಸ ಮುಗಿಯುತ್ತೆ!”

ಈ ಪ್ರಶ್ನೆಗೆ ಜಗತ್ತಿನಾದ್ಯಂತ ಅಭಿಮಾನಿಗಳು ಉತ್ತರ ಹುಡುಕುತ್ತಲೇ ಇದ್ದಾರೆ. ಶೀನನ ಬಳಿ ಆರು ಉತ್ತರಗಳಿದ್ದವು, ಆರಕ್ಕೂ ಪ್ರಭಾಕರ ತಲೆಯಾಡಿಸಲಿಲ್ಲ. ಕೊನೆಗೆ ಶೀನ ಬೇರೆ ಕಡೆಯಿಂದ ಬಂದ. “ಇವರ ಜೊತೆ ಹೊರಟ ಯೋಧ ಬೊರೊಮಿರ್ ಪಾತ್ರ ಮಾಡಿದ ಶಾನ್ ಬೀನ್‌ಗೆ ಹೆಲಿಕಾಪ್ಟರ್ ಅಂದ್ರೆ ಭಯ. ಉಳಿದವರೆಲ್ಲ ಹಾರಿ ಹೋದ್ರೆ ಅವನು ಆ ಗುರಾಣಿ ಕತ್ತಿ ಸಮೇತ ಬೆಟ್ಟ ಹತ್ತಿಕೊಂಡು ಶೂಟಿಂಗಿಗೆ ಹೋದ, ಗೊತ್ತಾ?”

“ಅವನ ಭಯಕ್ಕೆ ಎಲ್ಲರೂ ಯಾಕೆ ನಡೀಬೇಕು?” ಅಂದ ಪ್ರಭಾಕರ. ಅಲ್ಲಿಗೆ ಮೊದಲ ಭಾಗ ಮುಗಿಯಿತು, ಬೋಂಡಾ ಬಂತು.

ನನಗೆ ಹಿಡಿಸಿದ್ದು ಎರಡನೇ ಭಾಗದ ಶುರುವಿನ ಒಂದು ಚೂರು. ಉಂಗುರ ಹೊತ್ತ ಹಾಬಿಟ್ ಫ್ರೋಡೋ, ಅಡುಗೆ ಪಾತ್ರೆ ಹೊತ್ತ ಅವನ ಜೊತೆಗಾರ ಸ್ಯಾಮ್ ಹಗ್ಗ ಹಿಡಿದು ಬಂಡೆಯಿಂದ ಇಳಿಯುತ್ತಿರುತ್ತಾರೆ. ಸ್ಯಾಮನ ಹತ್ತಿರದಿಂದ ಪುಟ್ಟ ಡಬ್ಬಿಯೊಂದು ಜಾರುತ್ತದೆ, ಫ್ರೋಡೋ ಹಿಡಿಯುತ್ತಾನೆ. ಒಳಗೇನಿದೆ? ಉಪ್ಪು. ಊರಿನ ಉಪ್ಪು. ದಾರಿಯಲ್ಲಿ ಎಲ್ಲಾದರೂ ಸುಟ್ಟ ಕೋಳಿ ಸಿಕ್ಕರೆ ಇರಲಿ ಅಂತ! ಹೋಗುತ್ತಿರುವುದು ಸಾಯೋಕೆ, ತಲೆಯಲ್ಲಿರುವುದು ಕೋಳಿ.

“ಇವನು ನನಗೆ ಇಷ್ಟ ಆದ” ಅಂದಳು ಪದ್ಮ. “ಇಷ್ಟು ಸಿನಿಮಾ ನೋಡಿದ್ದೀನಿ, ಕತ್ತಿ ಹೊತ್ತವರೇ ಎಲ್ಲ. ಪಾತ್ರೆ ಹೊತ್ತವನನ್ನ ಇವತ್ತೇ ನೋಡಿದ್ದು.”

ನಾವು ನಾಲ್ಕು ಜನ ಕುಮಾರ ಪರ್ವತ ಹತ್ತಿದ್ದು ನೆನಪಾಯಿತು. 1712 ಮೀಟರ್. ಬ್ಯಾಗಿನಲ್ಲಿ ಸ್ಪೀಕರ್ ಇತ್ತು, ಎರಡು ಕನ್ನಡಕ ಇತ್ತು, ಡಜನ್ ಸೌತೆಕಾಯಿ ಇತ್ತು. ಉಪ್ಪು ಮಾತ್ರ ಇರಲಿಲ್ಲ. ಅದು ಯಾರ ತಪ್ಪು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ನನ್ನದಂತೂ ಅಲ್ಲ.

ಬೆಳಗಿನ ಐದಕ್ಕೆ ಅಮ್ಮ ಎದ್ದು ಬಂದು ಟಿವಿ ನೋಡಿದರು. “ಇನ್ನೂ ತಲುಪಿಲ್ವಾ ಅವರು?”

ಬೆಟ್ಟ ಆಗಷ್ಟೇ ಕಾಣಿಸಿತ್ತು. ಶೀನನಿಗೆ ಹುಮ್ಮಸ್ಸು ಬಂತು. “ಅದು ನ್ಯೂಜಿಲೆಂಡಿನ ಙೌರುಹೋಯೆ ಬೆಟ್ಟದ ರೂಪ. ಅಲ್ಲಿನ ಮೂಲನಿವಾಸಿ ಮಾವೋರಿ ಜನಕ್ಕೆ ಅದರ ಶಿಖರ ಪವಿತ್ರ. ಅದಕ್ಕೇ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಶಿಖರದ ಮೇಲೆ ಶೂಟಿಂಗ್ ಮಾಡ್ಲಿಲ್ಲ.” ಒಂದನೇ ಕ್ಲಾಸಿನಿಂದ ಸುಮ್ಮನೆ ಬಾಯಿಪಾಠ ಮಾಡಿದ್ದ ‘ಙ’ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂತ ನನಗೆ ಖುಷಿಯಾಯಿತು. “ದೇವರ ಬೆಟ್ಟ ಅಂತ ಗೊತ್ತಿತ್ತಲ್ಲ, ಅದಕ್ಕೇ ಬರಿಗಾಲು” ಅಂತ ಅಮ್ಮ ತಮ್ಮ ರಾತ್ರಿಯ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಂಡು ಕಾಫಿಗೆ ಹೊರಟರು.

ಆಮೇಲೆ ಆ ಗಳಿಗೆ ಬಂತು. ಕೆಳಗೆ ಬೆಂಕಿ, ಅಂಚಿನಲ್ಲಿ ಫ್ರೋಡೋ. ಕೈ ಚಾಚಿದ. ಎಸೆಯಲಿಲ್ಲ. ಉಂಗುರ ನನ್ನದು ಅಂತ ಬೆರಳಿಗೇ ಹಾಕಿಕೊಂಡ!

“ಅಯ್ಯೋ ಶನಿ!” ಅಂದ ಪ್ರಭಾಕರ. “ಇದಕ್ಕೇನೋ ರಾತ್ರಿಯೆಲ್ಲ ನಡೆಸಿದ್ದು?” ಕೊನೆಗೆ ಕೆಲಸ ಮಾಡಿದ್ದು ಉಂಗುರದ ಹಿಂದೆಯೇ ಅಲೆಯುತ್ತಿದ್ದ ಗೊಲ್ಲಮ್. ಉಂಗುರದ ಆಸೆಗೆ ಫ್ರೋಡೋನ ಬೆರಳನ್ನೇ ಕಚ್ಚಿ ಕಿತ್ತು, ಕುಣಿದು, ಫ್ರೋಡೋ ಜೊತೆಗಿನ ಜಗ್ಗಾಟದಲ್ಲಿ ಉಂಗುರ ಸಮೇತ ಬೆಂಕಿಗೆ ಬಿದ್ದ. ಕೂಡಲೇ ಹದ್ದುಗಳು ಬಂದವು. ಪ್ರಭಾಕರ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ, ಮಾತಾಡಲಿಲ್ಲ.

ಮುಗಿಯಿತು ಅಂತ ನಾನು ಚಪ್ಪಲಿ ಹುಡುಕಿದೆ. ಇಲ್ಲ. ಪಟ್ಟಾಭಿಷೇಕ. ಎದ್ದೆ. ಮತ್ತೆ ಊರು, ಮದುವೆ. ಗೇಟಿನ ತನಕ ಬಂದ ನೆಂಟರು ‘ಹಾಂ, ಇನ್ನೊಂದು ವಿಷ್ಯ’ ಅಂತ ತಿರುಗಿ ನಿಂತಹಾಗೆ. “ಮೂರನೇ ಭಾಗಕ್ಕೆ 2004ರಲ್ಲಿ 11 ಆಸ್ಕರ್” ಅಂದ ಶೀನ. “ಒಂದೊಂದು ಮುಕ್ತಾಯಕ್ಕೂ ಒಂದೊಂದು ಕೊಟ್ಟಿರ್ತಾರೆ” ಅಂದ ಪ್ರಭಾಕರ.

ಪ್ರಭಾಕರ ಅಷ್ಟಕ್ಕೇ ಬಿಡಲಿಲ್ಲ. “ಅದೇನೇ ಆಗ್ಲಿ, ಹೀರೋ ಕೊನೇಲಿ ಸೋತ. ಬರೀ ಎಸೆಯೋ ಕೆಲಸ!”

“ಎಸೆಯೋದು ಸುಲಭ ಅಂದ್ಕೊಂಡ್ಯಾ?” ಅಮ್ಮ ಕಾಫಿ ಲೋಟ ಇಡುತ್ತಾ ಅಟ್ಟದ ಕಡೆ ಕಣ್ಣು ತೋರಿಸಿದರು. ಅಲ್ಲಿ ಶೀನನ ಮೊದಲ ಸಂಬಳದ ಡಬ್ಬಾ ಮಾನಿಟರ್ ಇದೆ. ಹತ್ತು ವರ್ಷದಿಂದ ಆನ್ ಆಗಿಲ್ಲ. “ಹೋದ ತಿಂಗಳು ಗುಜರಿಯವನು ತಕ್ಕಡಿ ಮೇಲೆ ಇಟ್ಟೂ ಆಗಿತ್ತು. ತಕ್ಕಡಿಯಿಂದ ಎತ್ತಿಕೊಂಡು ಓಡಿಬಂದ, ನನ್ನ ಮಗ.”

“ಅದರ ಪಿಕ್ಚರ್ ಟ್ಯೂಬ್ ಚೆನ್ನಾಗಿದೆಯಮ್ಮ...”

ಹೊರಗೆ ರಸ್ತೆಯಲ್ಲಿ ಕೂಗು ಕೇಳಿಸಿತು. “ಹಳೇ ಪೇಪರ್, ಹಳೇ ಕಬ್ಣಾ, ಹಳೇ ಸಾಮಾನ್!”

ಪದ್ಮ ಏನೂ ಹೇಳಲಿಲ್ಲ. ಸುಮ್ಮನೆ ಶೀನನ ಬೆರಳು ನೋಡಿದಳು. ಅವನು ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡ.