ವಿಯೆಟ್ನಾಮಿನ ವಿದ್ಯಾರ್ಥಿನಿಗೆ ‘ಕಾಲ್ ಆಫ್’, ‘ಪುಟ್ ಆನ್’ಗಳನ್ನು ಕಲಿಸುವುದು ಹೇಗೆ?

ಪ್ರಶ್ನೆ – ಕಾರವಾರದಿಂದ

ನಾನು ನಿವೃತ್ತ ಇಂಗ್ಲಿಷ್ ಶಿಕ್ಷಕ. ವಿಯೆಟ್ನಾಮಿನ ಹುಯೆ ನಗರದ ಹೋಟೆಲೊಂದರಲ್ಲಿ ರಿಸೆಪ್ಶನ್ ನೋಡಿಕೊಳ್ಳುವ ಯುವತಿಯೊಬ್ಬರಿಗೆ ವಾರಕ್ಕೆ 3 ಸಂಜೆ ವಿಡಿಯೊ ಕರೆಯಲ್ಲಿ ಪಾಠ ಹೇಳುತ್ತಿದ್ದೇನೆ. ನಮ್ಮ 7 ಗಂಟೆ ಅವರಿಗೆ ಎಂಟೂವರೆ. ಓದು, ಬರಹ ಚೆನ್ನಾಗಿದೆ. ಎಡವುವುದು, ಕ್ರಿಯಾಪದಕ್ಕೆ ‘ಆಫ್’, ‘ಆನ್’ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳಲ್ಲಿ. ಅತಿಥಿಯೊಬ್ಬರು ಮರುದಿನದ ಪ್ರವಾಸವನ್ನು ‘ಕಾಲ್ ಆಫ್’ (ರದ್ದು) ಮಾಡಿ ಎಂದು ಹೇಳಿ ಮಲಗಿದರಂತೆ. ಈಕೆಗೆ ‘ಕಾಲ್’ ಮಾತ್ರ ಕಿವಿಗೆ ಬಿದ್ದು, ಚಾಲಕನಿಗೆ ಫೋನ್ ಮಾಡಿದ್ದಾರೆ. ಬೆಳಗಿನ 5 ಗಂಟೆಗೆ ವಾಹನ ಬಂದು ಬಾಗಿಲಲ್ಲಿ ನಿಂತಿತ್ತು.

ಅಂದಿನಿಂದ 100 ಪದಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸಿದ್ದೇನೆ. ಕೇಳಿದರೆ ಗಿಣಿಯಂತೆ ಒಪ್ಪಿಸುತ್ತಾರೆ, ಆದರೆ ಮಾತಿಗಿಳಿದಾಗ ‘ಕ್ಯಾನ್ಸಲ್’, ‘ಪೋಸ್ಟ್‌ಪೋನ್’ಗಳ ಆಸರೆಗೇ ಹೋಗುತ್ತಾರೆ. ಬೇರೆ ದಾರಿ ಇದೆಯೇ? ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ನಂಥ ನುಡಿಗಟ್ಟುಗಳನ್ನೂ ಕಲಿಸಬೇಕೇ?

ಉತ್ತರ – ಶಿರಸಿಯಿಂದ

ಮಾಸ್ತರರೇ, ಪಟ್ಟಿಯನ್ನು ಬದಿಗಿಟ್ಟು ಅವರ ಭಾಷೆಯಿಂದಲೇ ಹೊರಡಿ. ಕ್ರಿಯಾಪದದ ಬೆನ್ನಿಗೆ ದಿಕ್ಕು ತೋರಿಸುವ ಪುಟ್ಟ ಪದವೊಂದನ್ನು ಹಚ್ಚುವುದು ವಿಯೆಟ್ನಾಮಿಗರಿಗೆ ಹೊಸತಲ್ಲ. ಎದ್ದು ನಿಲ್ಲುವುದಕ್ಕೆ ಅವರು ‘ನಿಲ್ಲು–ಮೇಲೆ’ ಎನ್ನುತ್ತಾರೆ, ಕೂರುವುದಕ್ಕೆ ‘ಕೂರು–ಕೆಳಗೆ’ ಎನ್ನುತ್ತಾರೆ. ‘ಸ್ಟ್ಯಾಂಡ್ ಅಪ್’, ‘ಸಿಟ್ ಡೌನ್’ ಇರುವುದೂ ಹಾಗೆಯೇ. ‘ಹುಡುಕು’ ಎಂಬುದಕ್ಕೆ ಹೊರಗೆ ಎಂಬರ್ಥದ ‘ರಾ’ ಸೇರಿದರೆ ಕಂಡುಹಿಡಿಯುವುದು ಎಂದಾಗುತ್ತದೆ; ಅದೇ ‘ಫೈಂಡ್ ಔಟ್’. ತೊಡಕು ಹುಟ್ಟುವುದು ದಿಕ್ಕುಗಳು ಬೇರೆಯಾದಾಗ. ಅಂಗಿ ತೊಡುವಾಗ ಅವರದು ‘ಒಳಗೆ’, ಕಳಚುವಾಗ ‘ಹೊರಗೆ’. ಇಂಗ್ಲಿಷಿನದು ‘ಆನ್’ ಮತ್ತು ‘ಆಫ್’. ಹೊಂದುವವನ್ನು ಮೊದಲು ಕಲಿಸಿ, ಹೊಂದದವನ್ನು ನಿಜವಾದ ಅಂಗಿಯನ್ನೇ ಕೈಯಲ್ಲಿ ಹಿಡಿದು ತೋರಿಸಿ. ‘ಕಾಲ್ ಆಫ್’ನಂತೆ ಬಿಡಿಸಿದರೂ ಅರ್ಥ ಬಿಟ್ಟುಕೊಡದವು ಕೊನೆಗೆ ಬರಲಿ. ನಮ್ಮ ‘ಕೈಕೊಟ್ಟ’ ಎಂಬುದರಲ್ಲಿ ಕೈ ಎಲ್ಲಿದೆ, ಕೊಟ್ಟದ್ದೇನು ಎಂದು ಹುಡುಕುತ್ತ ಕೂತರೆ ಮೋಸ ಹೋದದ್ದು ತಿಳಿಯುವುದೇ ಇಲ್ಲವಲ್ಲ!

ಉತ್ತರ – ಕುಮಟಾದಿಂದ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಸಮಸ್ಯೆ ಕಿವಿಯದು. ವಿಯೆಟ್ನಾಮೀ ಭಾಷೆಯಲ್ಲಿ ಪದದ ಕೊನೆಗೆ ಎರಡು ವ್ಯಂಜನಗಳು ಜೊತೆಯಾಗಿ ಬರುವುದಿಲ್ಲ, ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪವೂ ಬದಲಾಗುವುದಿಲ್ಲ. ಹಾಗಾಗಿ ‘ಕಾಲ್ಡ್’ ಅವರ ಬಾಯಲ್ಲಿ ‘ಕಾಲ್’ ಆಗಿಯೇ ಉಳಿಯುತ್ತದೆ. ನಾವು ಇದಕ್ಕೆ ತದ್ವಿರುದ್ಧ. ಕೊನೆಗೊಂದು ಉಕಾರ ಅಂಟಿಸಿ ‘ಕಾಲ್ಡು’ ಎನ್ನದೆ ನಮಗೆ ಸಮಾಧಾನವಿಲ್ಲ. ಫ್ರೇಸಲ್ ವರ್ಬ್‌ಗಳು ಇಲ್ಲಿ ಉಪಕಾರವನ್ನೇ ಮಾಡುತ್ತವೆ. ಮುಂದಿನ ಪದ ಹೆಚ್ಚಾಗಿ ಸ್ವರದಿಂದ ಶುರುವಾಗುವುದರಿಂದ ಜಾರಿಹೋಗುವ ವ್ಯಂಜನಕ್ಕೆ ಅಲ್ಲೊಂದು ಮನೆ ಸಿಗುತ್ತದೆ. ‘ಕಾಲ್–ಡಾಫ್’, ‘ಪಿಕ್–ಟಪ್’ ಎಂದು ಒಂದೇ ಪದದಂತೆ ಹೇಳಿಸಿ, ಒತ್ತು ಎರಡನೆಯ ಭಾಗದ ಮೇಲೆ ಬೀಳಲಿ. ಕಿವಿ ಆ ಒತ್ತಿಗೆ ಪಳಗಿದ ಮೇಲೆ ಬರೀ ‘ಕಾಲ್’ ಕೇಳಿಸಿಕೊಂಡು ಚಾಲಕನನ್ನು ಎಬ್ಬಿಸುವ ಪ್ರಮೇಯ ಬರಲಾರದು. ಇನ್ನೊಂದು ಮಾತು: ದೀಪದ ವಿಷಯದಲ್ಲಿ ‘ಟರ್ನ್ ಆಫ್ ದ ಲೈಟ್’ ಎಂದರೂ ‘ಟರ್ನ್ ದ ಲೈಟ್ ಆಫ್’ ಎಂದರೂ ಸರಿ, ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು. ಇದನ್ನು ನಿಯಮವಾಗಿ ವಿವರಿಸುವುದಕ್ಕಿಂತ ‘ಟರ್ನ್ ಇಟ್ ಆಫ್, ಪಿಕ್ ಇಟ್ ಅಪ್’ ಎಂದು ಮಗ್ಗಿಯಂತೆ ಹೇಳಿಸುವುದು ಲೇಸು.

ಉತ್ತರ – ಹೊನ್ನಾವರದಿಂದ

ನುಡಿಗಟ್ಟುಗಳ ಬಗ್ಗೆ ಮಾತ್ರ ಹೇಳುತ್ತೇನೆ. ಬೆಕ್ಕುನಾಯಿಗಳ ಮಳೆಯನ್ನು ಬಿಟ್ಟುಬಿಡಿ. ಇಂದಿನ ಆಡುಮಾತಿನಲ್ಲಿ ಅದು ಅಪರೂಪ. ಹುಯೆಯ ಅಕ್ಟೋಬರ್ ಮಳೆ ನಮ್ಮ ಆಷಾಢವನ್ನು ನೆನಪಿಸುವಂಥದ್ದು, ಅಲ್ಲಿಗೆ ಬಂದ ಅತಿಥಿ ‘ಪೋರಿಂಗ್’ ಎಂದಾನು. ಆದರೆ ಹೋಲುವಂತೆ ಕಂಡು ಮೋಸ ಮಾಡುವ ನುಡಿಗಟ್ಟುಗಳನ್ನು ಖಂಡಿತ ಕಲಿಸಿ. ಬುದ್ಧಿಮಾತು ತಲೆಗೆ ಹತ್ತದವನನ್ನು ಕುರಿತು ವಿಯೆಟ್ನಾಮಿಗರು ‘ಬಾತುಕೋಳಿಯ ತಲೆಗೆ ನೀರು ಹೊಯ್ದಂತೆ’ ಎಂದು ಬೇಸರದಿಂದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಬಾತುಕೋಳಿಯ ಬೆನ್ನಿನ ಮೇಲಿಂದ ನೀರು ಜಾರುವುದು ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳದವನ ಬಗ್ಗೆ. ಅದು ಹೊಗಳಿಕೆಯೂ ಆಗಬಹುದು. ಕೋಪಿಷ್ಠ ಅತಿಥಿಯನ್ನು ಸಹಿಸಿಕೊಂಡ ನಿಮ್ಮ ವಿದ್ಯಾರ್ಥಿನಿಯನ್ನು ಯಾರಾದರೂ ಹಾಗೆ ಮೆಚ್ಚಿದರೆ ಅವರು ನೊಂದುಕೊಳ್ಳಬಾರದಲ್ಲ. ಅಂದಹಾಗೆ, ಎಮ್ಮೆಯ ಕಿವಿಗೆ ತಂತಿವಾದ್ಯ ನುಡಿಸುವ ಗಾದೆ ಅವರಲ್ಲಿಯೂ ಇದೆ. ನಮ್ಮ ಕೋಣ ಮತ್ತು ಕಿನ್ನರಿಯ ಕಥೆ ಹೇಳಿ ನೋಡಿ, ಪಾಠಕ್ಕೆ ಕಳೆ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೋಣದ ಕಿನ್ನರಿಗೆ ಅವರು ಬಹಳ ಹೊತ್ತು ನಕ್ಕರು. ಅಂಗಿ ಹಿಡಿದು ‘ಆನ್’, ‘ಆಫ್’ ಅಭ್ಯಾಸ ಮಾಡಿಸುವಾಗ ಸೆಕೆ ತಡೆಯಲಾರದೆ ನಾನು ‘ಒನ್ ಮಿನಿಟ್, ಐ ವಿಲ್ ಪುಟ್ ದ ಫ್ಯಾನ್’ ಎಂದು ಎದ್ದೆ. ಅವರು ಪುಸ್ತಕದಿಂದ ತಲೆಯೆತ್ತಿ, ಅತ್ಯಂತ ವಿನಯದಿಂದ, ‘ಪುಟ್ ಇಟ್ ವೇರ್, ಸರ್?’ ಎಂದು ಕೇಳಿದರು.