ಲೂಸಿಯಾ ದಿನದ ಕೇಸರಿ ಬನ್ ಮರುದಿನಕ್ಕೆ ರಸ್ಕ್, ಹಿಮ್ಮೆಲಿ ಹುಲ್ಲು ಕತ್ತರಿಸಿದರೆ ಸೀಳು. ಏನು ತಪ್ಪು?

ಉಪ್ಸಾಲಾ ಒಲೆ ಕೇಳಿದ್ದು:

ಡಿಸೆಂಬರ್ 13ರ ಲೂಸಿಯಾಗೆ, ಅಂದರೆ ಸ್ವೀಡನ್ನಿನ ದೀಪದ ಹಬ್ಬಕ್ಕೆ, ಲುಸ್ಸೆಕಟ್ಟರ್, ಅಂದರೆ ಎಸ್ ಆಕಾರದ ಕೇಸರಿ ಬನ್ ಮಾಡಬೇಕು. ಪ್ರಯೋಗಕ್ಕೆ ಮಾಡಿದ್ದು ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಹೊತ್ತಿಗೆ ಗಟ್ಟಿ. ಅಳತೆ: ಹಾಲು 500 ಮಿ.ಲೀ., ಬೆಣ್ಣೆ 150 ಗ್ರಾಂ, ತಾಜಾ ಯೀಸ್ಟ್ 50 ಗ್ರಾಂ, ಸಕ್ಕರೆ 150 ಗ್ರಾಂ, ಮೈದಾ 1.1 ಕೆ.ಜಿ., ಕೇಸರಿ 1 ಗ್ರಾಂ, ಉಪ್ಪು ಅರ್ಧ ಚಮಚ. 200 ಡಿಗ್ರಿಯಲ್ಲಿ 15 ನಿಮಿಷ. ಕೇಸರಿಯನ್ನು ಕರಗಿದ ಬೆಣ್ಣೆಗೆ ಹಾಕಿದ್ದೆ. ಬಣ್ಣ ಪೇಲವ, ಅಲ್ಲಲ್ಲಿ ಕೆಂಪು ಎಳೆ. ಕೇಸರಿಯೇ ಬನ್ ಒಣಗಿಸುತ್ತೆ ಅಂತ ಇಲ್ಲಿಯವರು ಹೇಳ್ತಾರೆ, ನಿಜವೇ?

ಇನ್ನೊಂದು, ಹಿಮ್ಮೆಲಿ, ಅಂದರೆ ಹುಲ್ಲಿನ ತುಂಡು ಪೋಣಿಸಿ ಮಾಡುವ ತೂಗು ಅಲಂಕಾರ. ಕತ್ತರಿ ಇಟ್ಟ ತಕ್ಷಣ ಹುಲ್ಲು ಉದ್ದಕ್ಕೆ ಸೀಳಿಹೋಗುತ್ತೆ.

ಹುಳಿಹಿಟ್ಟು:

ಪಾಪ, ಕೇಸರಿಯನ್ನು ದೂರಬೇಡಿ. ನಿಮ್ಮ ಹಿಟ್ಟೇ ಗಟ್ಟಿ. 1.1 ಕೆ.ಜಿ. ಮೈದಾಗೆ ಅರ್ಧ ಲೀಟರ್ ಹಾಲು ಅಂದರೆ ನೂರಕ್ಕೆ 45 ಭಾಗ, ಅದು ಪೂರಿ ಹಿಟ್ಟಿನ ಹದ. ಬೇಕಾದ್ದು ಹೋಳಿಗೆ ಕಣಕದ ಕಡೆಗೆ ವಾಲುವ ಹದ: ಪಾತ್ರೆಯ ಗೋಡೆ ಬಿಡಬೇಕು, ಬೆರಳಿಗೆ ಸ್ವಲ್ಪ ಅಂಟಬೇಕು. ಮೈದಾ 900 ಗ್ರಾಂಗೆ ಇಳಿಸಿ, ಬೆಣ್ಣೆ 175ಕ್ಕೆ ಏರಿಸಿ, 250 ಗ್ರಾಂ ಕ್ವಾರ್ಗ್ (ಗಟ್ಟಿ ಮೊಸರಿನಂಥ ತಾಜಾ ಚೀಸ್) ಸೇರಿಸಿ. ಸ್ವೀಡನ್ನಿನ ಮನೆಗಳಲ್ಲಿ ಕ್ವಾರ್ಗ್ ಹಾಕೋದೇ ಮರುದಿನವೂ ಮೆತ್ತಗಿರಲಿ ಅಂತ. ಮೈದಾದಲ್ಲಿ 100 ಗ್ರಾಂ ಪಕ್ಕಕ್ಕಿಟ್ಟು ನಾದಲು ಶುರುಮಾಡಿ, ಬೇಕೆನಿಸಿದರೆ ಮಾತ್ರ ಸೇರಿಸಿ. ಮೊದಲ ಮೂರು ನಿಮಿಷ ಅಂಟಂಟು ಅನಿಸುತ್ತೆ, ಅಲ್ಲೇ ಎಲ್ಲರೂ ಹಿಟ್ಟು ಸುರಿದು ಕೆಡಿಸೋದು. ಮೆಷಿನ್‌ನಲ್ಲಿ 8-10 ನಿಮಿಷ ನಾದಿದ ಮೇಲೆ ತಾನೇ ಕೂಡಿಕೊಳ್ಳುತ್ತೆ.

ಬಣ್ಣದ ವಿಷಯ. ಕೇಸರಿಯ ಹಳದಿಗೆ ಕಾರಣವಾದ ಕ್ರೋಸಿನ್ ನೀರಲ್ಲಿ ಕರಗುತ್ತೆ, ಕೊಬ್ಬಿನಲ್ಲಿ ಅಲ್ಲ. ಹಾಗಾಗಿ ಬೆಣ್ಣೆಗೆ ಹಾಕಿದರೆ ದುಡ್ಡು ದಂಡ. ಒಂದು ಚಮಚ ಸಕ್ಕರೆ ಜೊತೆ ಕುಟ್ಟಾಣಿಯಲ್ಲಿ ಎಳೆ ಕಾಣದ ಹಾಗೆ ಅರೆಯಿರಿ, ಹರಳುಗಳೇ ಅದನ್ನು ಪುಡಿ ಮಾಡುತ್ತವೆ. ಮೂರು ಚಮಚ ಬಿಸಿ ಹಾಲಲ್ಲಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ನೆನೆಯಲಿ. ಉಳಿದ ಹಾಲು, ಬೆಣ್ಣೆ ಸೇರಿ 37 ಡಿಗ್ರಿ ಇದ್ದಾಗ ಯೀಸ್ಟ್ ಕದಡಿ. 50 ದಾಟಿದರೆ ಯೀಸ್ಟ್ ಸತ್ತಂತೆ. ಅಂಗಡಿಯಲ್ಲಿ ಸಿಹಿ ಹಿಟ್ಟಿಗೆಂದೇ ಬೇರೆ ಯೀಸ್ಟ್ ಇರುತ್ತೆ, ಅದನ್ನೇ ತನ್ನಿ.

45 ನಿಮಿಷ ಉಬ್ಬಿದ ಮೇಲೆ 55 ಗ್ರಾಂನ ಉಂಡೆ ಮಾಡಿ. 35ರ ಮೇಲೆ ಬರುತ್ತವೆ. ಪ್ರತಿಯೊಂದನ್ನೂ 25 ಸೆಂ.ಮೀ. ಹುರಿ ಮಾಡಿ, ಎರಡು ತುದಿಯನ್ನು ಎದುರುಬದುರು ದಿಕ್ಕಿಗೆ ಸುತ್ತಿ. ಚಕ್ಕುಲಿಯಂತೆ ಬಿಗಿ ಬೇಡ, ಸುರುಳಿ ನಡುವೆ ಉಬ್ಬಲು ಜಾಗವಿರಲಿ. ಬಿಗಿಯಾದರೆ ಹೊಕ್ಕುಳು ಮೇಲೆದ್ದು ಬರುತ್ತೆ. ಒಣದ್ರಾಕ್ಷಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಒರೆಸಿ, ತಳ ಮುಟ್ಟುವಷ್ಟು ಒತ್ತಿ. ಮೇಲೆ ಇಟ್ಟರೆ ಓವನ್‌ನಲ್ಲಿ ಉದುರಿ ಕರಕಲು.

ಮತ್ತೆ 30 ನಿಮಿಷ ಬಿಟ್ಟು, ಮೊಟ್ಟೆ ಸವರಿ, 225 ಡಿಗ್ರಿಯಲ್ಲಿ 6ರಿಂದ 8 ನಿಮಿಷ, ಅಷ್ಟೆ. 200ರಲ್ಲಿ 15 ನಿಮಿಷ ಅಂದರೆ ಬೇಯಿಸಿದ್ದಲ್ಲ, ಒಣಗಿಸಿದ್ದು. ತೆಗೆದ ಕೂಡಲೇ ಬಟ್ಟೆ ಮುಚ್ಚಿ. ಉಗುರುಬೆಚ್ಚಗೆ ಇದ್ದಾಗಲೇ ಚೀಲಕ್ಕೆ ಹಾಕಿ ಫ್ರೀಜರ್‌ಗೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಪಿಷ್ಟ ಮತ್ತೆ ಗಟ್ಟಿಯಾಗೋದು ಆ ತಂಪಿನಲ್ಲೇ ಬೇಗ.

ಉಪ್ಸಾಲಾ ಒಲೆ:

ಧನ್ಯವಾದ ಸರ್. ಹೊಕ್ಕುಳು ಎದ್ದದ್ದೂ ನಿಜ, ಹೇಳಲು ಮರೆತಿದ್ದೆ! ಏಲಕ್ಕಿ ಹಾಕಬಹುದೇ? ಬೆಂಗಳೂರಿನಲ್ಲಿರುವ ಅಕ್ಕನಿಗೂ ಅಳತೆ ಕಳಿಸಬೇಕು, ಅಲ್ಲಿ ಕ್ವಾರ್ಗ್ ಸಿಗಲ್ಲ.

ಹುಳಿಹಿಟ್ಟು:

ಗಟ್ಟಿ ಮೊಸರು 500 ಗ್ರಾಂ ಬಟ್ಟೆಯಲ್ಲಿ ಮೂರ್ನಾಲ್ಕು ಗಂಟೆ ತೂಗುಹಾಕಿದರೆ ಹೆಚ್ಚುಕಮ್ಮಿ ಅರ್ಧ ಉಳಿಯುತ್ತೆ, ಅದೇ ಸಾಕು. ಹುಳಿ ಮೊಸರು ಬೇಡ. ಇನ್‌ಸ್ಟಂಟ್ ಯೀಸ್ಟ್ ಆದರೆ 17 ಗ್ರಾಂ. ಏಲಕ್ಕಿ ಇದಕ್ಕೆ ಹಾಕಬೇಡಿ, ಕೇಸರಿಯ ಘಮ ಮುಳುಗಿಹೋಗುತ್ತೆ. ಸ್ವೀಡನ್ನಿನವರಿಗೆ ಏಲಕ್ಕಿ ಹುಚ್ಚು ಇರೋದು ಹೌದು, ಅದರ ಜಾಗ ಏಲಕ್ಕಿ ಬನ್ ಮತ್ತು ಫೆಬ್ರವರಿಯ ಸೆಮ್ಲಾ ಎಂಬ ಕೆನೆ ತುಂಬಿದ ಬನ್.

ಹುಲ್ಲುಕಡ್ಡಿ:

ಹಿಮ್ಮೆಲಿ ಫಿನ್‌ಲೆಂಡಿನದು, ಹೆಸರು ಮಾತ್ರ ಸ್ವೀಡಿಷ್‌ನಲ್ಲಿ ಆಕಾಶ ಅನ್ನುವ ಹಿಮ್ಮೆಲ್ ಪದದಿಂದ. ಅದಕ್ಕೆ ರೈ ಹುಲ್ಲೇ ಸರಿ, ಕಾಂಡ ಉದ್ದ, ಒಳಗೆ ಪೊಳ್ಳು. ನೀವು ಒಣ ಹುಲ್ಲಿಗೆ ಕತ್ತರಿ ಹಾಕಿದ್ದೀರಿ, ಅದಕ್ಕೇ ಸೀಳಿದೆ. ಹೊರಗಿನ ಎಲೆ ಕವಚ ಸುಲಿದು, ಗಿಣ್ಣುಗಳನ್ನು ತೆಗೆದುಹಾಕಿ, ಬಿಸಿನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ಒದ್ದೆಯಿರುವಾಗಲೇ ಚೂಪು ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ. ಮೊಂಡು ಕತ್ತರಿ ಮೊದಲು ಚಪ್ಪಟೆ ಮಾಡುತ್ತೆ, ಆಮೇಲೆ ಕತ್ತರಿಸುತ್ತೆ.

ಒಂದು ಅಷ್ಟಮುಖಿಗೆ 12 ತುಂಡು, ಎಲ್ಲವೂ 8 ಸೆಂ.ಮೀ., ದಪ್ಪವೂ ಒಂದೇ ಇರುವಂತೆ ಆರಿಸಿ. 2 ಮಿ.ಮೀ. ಹೆಚ್ಚುಕಮ್ಮಿಯಾದರೂ ಕೊನೆಗೆ ಆಕಾರ ತಿರುಚಿಕೊಳ್ಳುತ್ತೆ. ಉದ್ದ ಸೂಜಿಯಲ್ಲಿ ಹತ್ತಿ ದಾರ ಹಾಕಿ ನಾಲ್ಕು ತುಂಡು ಪೋಣಿಸಿ ಚೌಕ ಕಟ್ಟಿ. ಅದು ಅತ್ತಿತ್ತ ಜಾರುತ್ತಿರುತ್ತೆ, ಹೆದರಬೇಡಿ. ಎರಡು ತುಂಡು ಪೋಣಿಸಿ ಚೌಕದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಕಮಾನಿನಂತೆ ಕಟ್ಟಿ. ಉಳಿದೆರಡು ಮೂಲೆಗೂ ಹಾಗೇ ಮಾಡಿ, ಎರಡು ಕಮಾನು ಸೇರುವಲ್ಲಿ ಗಂಟು. ಚೌಕ ಮಗುಚಿ ಕೆಳಭಾಗಕ್ಕೂ ಅದೇ. ಕೊನೆಯ ಗಂಟು ಬಿದ್ದಾಗ ಇಡೀ ಆಕಾರ ತಾನಾಗಿ ಸೆಟೆದು ನಿಲ್ಲುತ್ತೆ. ದಾರ ಜಗ್ಗಬೇಡಿ, ಹುಲ್ಲಿನ ಅಂಚೇ ಅದನ್ನು ಕೊಯ್ದುಬಿಡುತ್ತೆ.

ಒಳಗೆ 4 ಸೆಂ.ಮೀ. ತುಂಡಿನ ಚಿಕ್ಕದೊಂದು ತೂಗಬಹುದು. ದೊಡ್ಡದರ ನೆತ್ತಿಯಿಂದ 2.8 ಸೆಂ.ಮೀ. ದಾರ ಬಿಟ್ಟರೆ ಸರಿಯಾಗಿ ನಡುವಿಗೆ ಬಂದು, ಎಲ್ಲೂ ತಗಲದೆ ತಿರುಗುತ್ತೆ. ಮೇಣದಬತ್ತಿಯ ನೇರಕ್ಕೆ ತೂಗುಹಾಕಬೇಡಿ. ಹುಲ್ಲು ಎಷ್ಟು ಬೇಗ ಹತ್ತಿಕೊಳ್ಳುತ್ತೆ ಅನ್ನೋದಕ್ಕೆ ಸ್ವೀಡನ್ನಿನ ಯೆವ್ಲೆ ಊರಿನ ಹೋತವೇ ಸಾಕ್ಷಿ: ಕ್ರಿಸ್‌ಮಸ್‌ಗೆಂದು 1966ರಿಂದ 13 ಮೀಟರ್ ಎತ್ತರದ ಹುಲ್ಲಿನ ಹೋತ ನಿಲ್ಲಿಸ್ತಾರೆ, ಕಿಡಿಗೇಡಿಗಳು ಎಷ್ಟೋ ಸಲ ಸುಟ್ಟಿದ್ದಾರೆ.

ಪಂಚಾಂಗ:

ಇದೆಲ್ಲ ಕ್ರೈಸ್ತಪೂರ್ವ ಆಚರಣೆಯೇ ಅಂತ ಯಾರಾದರೂ ಕೇಳೇ ಕೇಳ್ತಾರೆ. ಲೂಸಿಯಾ ಸಿಸಿಲಿಯ ಸಿರಾಕ್ಯೂಸ್‌ನ ಕ್ರೈಸ್ತ ಸಂತಳು. ಆದರೆ ಹಳೆಯ ಜೂಲಿಯನ್ ಪಂಚಾಂಗದಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಈ ದಿನದ ಆಸುಪಾಸಿಗೆ ಬರುತ್ತಿತ್ತು. ಸ್ವೀಡನ್ ಹೊಸ ಪಂಚಾಂಗಕ್ಕೆ ಬಂದದ್ದು 1753ರಲ್ಲಿ. ಕತ್ತಲೆಯ ಭಯ, ದೀಪದ ಆಸೆ ಈ ತಾರೀಕಿಗೆ ಅಂಟಿಕೊಂಡದ್ದು ಹಾಗೆ. ಹುಲ್ಲಿನ ಹೋತವನ್ನು ನಾರ್ಡಿಕ್ ಪುರಾಣದ ಥಾರ್ ದೇವರ ರಥದ ಹೋತಗಳಿಗೆ ಜೋಡಿಸುವವರಿದ್ದಾರೆ. ಅದು ಊಹೆ. ಸುಗ್ಗಿಯ ಕೊನೆಯ ಸಿವುಡಿಗೆ ಶಕ್ತಿ ಇದೆಯೆಂಬ ರೈತರ ನಂಬಿಕೆಯೇ ಹತ್ತಿರದ ಕಾರಣ ಅನಿಸುತ್ತೆ.

ಉಪ್ಸಾಲಾ ಒಲೆ:

ಕೊನೆಯದೊಂದು. ಜೊತೆಗೆ ಗ್ಲೊಗ್ಗ್, ಅಂದರೆ ಮಸಾಲೆ ಹಾಕಿದ ಬಿಸಿ ವೈನ್, ಕಾಯಿಸಿದರೆ ಕಹಿ ಬರುತ್ತೆ. ಮಕ್ಕಳಿಗೂ ಏನಾದರೂ ಬೇಕು.

ಹುಳಿಹಿಟ್ಟು:

ಮಸಾಲೆಯನ್ನು ವೈನ್‌ನಲ್ಲೇ ಕುದಿಸ್ತಿದ್ದೀರಿ, ಅಲ್ವಾ? ಚಕ್ಕೆ 2, ಲವಂಗ 10, ಜಜ್ಜಿದ ಏಲಕ್ಕಿ 10, ಒಣಶುಂಠಿ ಒಂದು ತುಂಡು, ಕಹಿಕಿತ್ತಳೆಯ ಒಣಸಿಪ್ಪೆ ಸ್ವಲ್ಪ, ಇವನ್ನು 100 ಮಿ.ಲೀ. ವೋಡ್ಕಾದಲ್ಲಿ ಒಂದು ದಿನ ನೆನೆಸಿ ಸೋಸಿ. ಸಿಪ್ಪೆಯ ಒಳಗಿನ ಬಿಳಿ ಪದರ ಕೆರೆದು ತೆಗೆಯಿರಿ, ಕಹಿಯೆಲ್ಲ ಅಲ್ಲೇ ಇರೋದು. 750 ಮಿ.ಲೀ. ಕೆಂಪು ವೈನ್‌ಗೆ 100 ಗ್ರಾಂ ಸಕ್ಕರೆ, ಈ ಸೋಸಿದ ರಸ ಸೇರಿಸಿ ಹಬೆ ಏಳುವವರೆಗೆ ಮಾತ್ರ ಬಿಸಿ ಮಾಡಿ, ಕುದಿ ಬರಬಾರದು. ಮಸಾಲೆ ಪುಡಿ ಹಾಕಿದರೆ ರಾಡಿ. ಮಕ್ಕಳಿಗೆ ನೀರು ಬೆರೆಸಿದ ಕಪ್ಪು ಕರಂಟ್ ರಸದಲ್ಲಿ ಅದೇ ಮಸಾಲೆಗಳನ್ನು, ವೋಡ್ಕಾದಲ್ಲಿ ನೆನೆಸದೆ, ಹೊಸದಾಗಿ ಬಟ್ಟೆಯಲ್ಲಿ ಗಂಟುಕಟ್ಟಿ ಹದಿನೈದು ನಿಮಿಷ ಸಣ್ಣ ಉರಿಯಲ್ಲಿಡಿ. ಲವಂಗ ಮಾತ್ರ ಅರ್ಧಕ್ಕೆ ಇಳಿಸಿ.